ಎಡೆಯ ಮೀನು

ಬಾಗಿಲು ಮುಚ್ಚಿ ಐದು ನಿಮಿಷವೂ ಆಗಿರಲಿಲ್ಲ, ಒಳಗೆ ಏನೋ ದಡ್ ಎಂದು ಬಿದ್ದ ಸದ್ದಾಯಿತು.

ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದವರೆಲ್ಲ ತಲೆ ಎತ್ತಿದರು. ದೊಡ್ಡಪ್ಪ ಬೆಟ್ಟಯ್ಯ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದ. ಅಜ್ಜಿ ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಹದೇವು ಮಾತ್ರ ಅಲುಗಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ.

“ಬಂದ್ಲು,” ಎಂದ ದೊಡ್ಡಪ್ಪ, ಉಸಿರಿನಷ್ಟು ಮೆಲ್ಲಗೆ.

ವರ್ಷಿಣಿ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಳಗೆ ಯಾರೂ ಬಂದಿರಲಿಲ್ಲ. ಇದ್ದದ್ದು ಮೊದಲಿನಿಂದಲೂ ಅಲ್ಲೇ ಇತ್ತು. ಅದು ಏನೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅವತ್ತು ಹಿರೀಕರ ಹಬ್ಬ. ದಸರಾ ಶುರುವಾಗುವ ಹಿಂದಿನ ದಿನದ ಅಮಾವಾಸ್ಯೆ. ತೀರಿಹೋದವರಿಗೆ ಎಡೆ ಇಡುವ ದಿನ. ಅವರ ಫೋಟೋ ಮುಂದೆ ಹೊಸ ಬಟ್ಟೆ ಇಡಬೇಕು. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದು ಕೂರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಒಂದು ಸಲ ಕೆಮ್ಮಿ, ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗಬೇಕು. ವರ್ಷಿಣಿಗೆ ಬುದ್ಧಿ ಬಂದಾಗಿನಿಂದ ತಾತನಿಗೆ ಹಾಗೇ ಎಡೆ ಇಡುತ್ತಿದ್ದರು. ಈ ಸಲ ಅಮ್ಮನಿಗೂ ಇಟ್ಟಿದ್ದರು.

ಅಮ್ಮ ಜಯಮಣಿ ತೀರಿಹೋಗಿ ಐದು ತಿಂಗಳಾಗಿತ್ತು. ಕುಂಬಾರಕೊಪ್ಪಲಿನ ಆ ಮನೆಯ ಒಳಕೋಣೆಯಲ್ಲಿ ಕೂತು ಅಮ್ಮ ಬ್ಲೌಸು ಹೊಲಿಯುತ್ತಿದ್ದಳು. ಸ್ಕೂಲಿಂದ ಬರುವಾಗ ಗೇಟಿನ ಹತ್ತಿರವೇ ಮಿಷನ್ನಿನ ಸದ್ದು ಕೇಳುತ್ತಿತ್ತು. ಈಗ ಗೇಟು ತೆಗೆದರೆ ಗೇಟಿನ ಸದ್ದು ಮಾತ್ರ.

ಅಮ್ಮ ಹೋದಮೇಲೆ ಅಜ್ಜಿ ಊರು ಬಿಟ್ಟು ಇಲ್ಲಿಗೆ ಬಂದಳು. ಮನೆ ನಡೆಯುತ್ತಿತ್ತು. ಅಪ್ಪನ ಮಾತು ಮಾತ್ರ ನಿಂತುಹೋಗಿತ್ತು. ಊಟ ಆಯ್ತಾ, ಹೋಂವರ್ಕ್ ಆಯ್ತಾ, ಇವೆರಡೇ. ಯಾರಾದರೂ ಅಮ್ಮನ ಸುದ್ದಿ ಎತ್ತಿದರೆ ಎದ್ದು ಹೋಗಿ ಬೈಕ್ ಒರೆಸುತ್ತಿದ್ದ. ಅಪ್ಪನ ಹಳೆಯ ಬೈಕು ಆ ಐದು ತಿಂಗಳಲ್ಲಿ ಹೊಸದರ ಹಾಗೆ ಹೊಳೆಯತೊಡಗಿತ್ತು.

ಬೆಕ್ಕು ಬಂದದ್ದು ಗಣೇಶನ ಹಬ್ಬದ ಮಾರನೆಯ ದಿನ. ಹಿತ್ತಲಿನ ನೀರಿನ ತೊಟ್ಟಿಯ ಹಿಂದೆ ಮುದುರಿ ಕೂತಿತ್ತು. ಕೆಂಚು ಬಣ್ಣ. ಬಾಲದ ತುದಿ ಯಾವಾಗಲೋ ಮುರಿದು ಕೊಕ್ಕೆಯಾಗಿತ್ತು. ವರ್ಷಿಣಿ ಟಿಫಿನ್ ಬಾಕ್ಸಿನಲ್ಲಿ ಉಳಿದಿದ್ದ ಮೊಸರನ್ನ ಹಾಕಿದಳು. ಅದು ತಿಂದು, ಮೀಸೆ ಒರೆಸಿಕೊಂಡು, ಅವಳ ಕಾಲಿಗೆ ಬೆನ್ನು ತಾಗಿಸಿ ಮಲಗಿತು. ಅಷ್ಟೇ. ಮಾರನೆಯ ದಿನ ನಾಲ್ಕು ಗಂಟೆಗೆ ಸರಿಯಾಗಿ ಮತ್ತೆ ಅಲ್ಲೇ ಕೂತಿತ್ತು.

ಆಮೇಲೆ ದಿನಾ ಬಂತು. ವರ್ಷಿಣಿ ಅದಕ್ಕೆ ಮ್ಯಾತ್ಸ್ ಟೆಸ್ಟಿನ ಮಾರ್ಕ್ಸ್ ಹೇಳಿದಳು. ಮಿಸ್ ಬೈದದ್ದು ಹೇಳಿದಳು. ನಾಲ್ಕರಿಂದ ಅಪ್ಪ ಮನೆಗೆ ಬರುವ ಆರು ಗಂಟೆಯವರೆಗಿನ ಹೊತ್ತು ಮೊದಲು ಎಷ್ಟು ಎಳೆದರೂ ಮುಗಿಯುತ್ತಿರಲಿಲ್ಲ. ಬೆಕ್ಕು ಬಂದಮೇಲೆ ಸ್ವಲ್ಪ ಚಿಕ್ಕದಾಯಿತು.

ಅಜ್ಜಿಗೆ ಅದು ಹಿಡಿಸಲಿಲ್ಲ. ಹಿರೀಕರ ಹಬ್ಬ ಹತ್ತಿರ ಬರುವಾಗ ಮನೆಯ ಸುತ್ತ ಬೆಕ್ಕು ಸುಳಿಯಬಾರದು, ಎಡೆಗೆ ಬಾಯಿ ಹಾಕಿದರೆ ಮಾಡಿದ್ದೆಲ್ಲ ಹಾಳು ಎಂದು ಬೆಳಿಗ್ಗೆ ಸಂಜೆ ಗೊಣಗಿದಳು. ಹಬ್ಬದ ದಿನ ಬೆಳಿಗ್ಗೆ ಊರಿನಿಂದ ಬಂದ ದೊಡ್ಡಪ್ಪ ಕಾಂಪೌಂಡಿನ ಮೇಲೆ ಬೆಕ್ಕನ್ನು ನೋಡಿ, ಒಂದು ಗೋಣಿಚೀಲ ಕೊಡಿ, ರಿಂಗ್ ರೋಡಿನಿಂದ ಆಚೆ ಬಿಟ್ಟು ಬರುತ್ತೇನೆ ಎಂದ. ಅಜ್ಜಿ ಚೀಲ ಹುಡುಕಲು ಒಳಗೆ ಹೋದಳು.

ಅಷ್ಟರಲ್ಲಿ ವರ್ಷಿಣಿ ಬೆಕ್ಕನ್ನು ಎದೆಗೆ ಅವುಚಿಕೊಂಡು ಒಳಕೋಣೆಗೆ ಓಡಿದ್ದಳು. ಅಮ್ಮನ ಮಿಷನ್ನಿನ ಹಿಂದೆ ಬಟ್ಟೆ ಚೂರು ತುಂಬಿದ ರಟ್ಟಿನ ಬಾಕ್ಸ್ ಇತ್ತು. ಅದರೊಳಗೆ ಕೂರಿಸಿದಳು. ಎಡೆ ಇಡುವುದು ಪ್ರತಿ ವರ್ಷ ನಡುಮನೆಯಲ್ಲಿ. ಒಳಕೋಣೆಗೆ ಯಾರು ಬರುತ್ತಾರೆ ಎಂದುಕೊಂಡಳು.

ಆದರೆ ಈ ಸಲ ಹೊಸ ಹಿರೀಕಳು, ಅವಳು ಕೂತು ಎದ್ದ ಜಾಗದಲ್ಲೇ ಇಡೋಣ ಎಂದುಬಿಟ್ಟ ದೊಡ್ಡಪ್ಪ. ವರ್ಷಿಣಿಗೆ ತಿಳಿಯುವ ಹೊತ್ತಿಗೆ ಒಳಕೋಣೆಯಲ್ಲಿ ಚಾಪೆ ಹಾಸಿಯಾಗಿತ್ತು. ಅಮ್ಮನ ಫೋಟೋಗೆ ಸೇವಂತಿಗೆ ಹಾರ ಹಾಕಿಯಾಗಿತ್ತು. ಎಲೆಯ ಮೇಲೆ ಮುದ್ದೆ, ವಡೆ, ಪಾಯಸ, ಹೊಳೆಮೀನಿನ ಎರಡು ಫ್ರೈ.

ದೊಡ್ಡಪ್ಪ ಧೂಪ ಹಿಡಿದು, ಊರಿನಲ್ಲಿ ಕರೆಯುವ ಹಾಗೆ, ಒಂದೇ ರಾಗದಲ್ಲಿ ಹಿರಿಯರನ್ನೆಲ್ಲ ಕರೆದ. ಮುತ್ತಾತನನ್ನು ಕರೆದ, ತಾತನನ್ನು ಕರೆದ. ಕೊನೆಯಲ್ಲಿ ದನಿ ತಗ್ಗಿಸಿ, “ಬಾರವ್ವ ಜಯಮಣಿ, ಬಂದು ಉಂಡೋಗವ್ವ” ಎಂದ. ಐದು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಅಪ್ಪ ಕೈಯಲ್ಲಿದ್ದ ಊದುಬತ್ತಿಯನ್ನು ಫೋಟೋ ಮುಂದೆ ಸಿಕ್ಕಿಸಿದ. ವರ್ಷಿಣಿ ಫೋಟೋವನ್ನು ನೋಡಲಿಲ್ಲ. ರಟ್ಟಿನ ಬಾಕ್ಸನ್ನು ನೋಡುತ್ತ, ದೇವರೇ ಅದು ಮಲಗಿರಲಿ ಎಂದು ಬೇಡಿಕೊಂಡಳು.

ಅದು ಮಲಗಿರಲಿಲ್ಲ.

ದೊಡ್ಡಪ್ಪ ಕೆಮ್ಮಿ, ಮೂರು ಸಲ ತಟ್ಟಿ, ಬಾಗಿಲು ತೆಗೆದ. ಅಮ್ಮನ ಮರದ ಸ್ಕೇಲು ನೆಲದ ಮೇಲೆ ಬಿದ್ದಿತ್ತು. ಎಲೆಯಲ್ಲಿ ಒಂದು ಮೀನು ಪೂರ್ತಿ ಇರಲಿಲ್ಲ. ಇನ್ನೊಂದು ಅರ್ಧವಾಗಿತ್ತು.

“ಮೀನ್ ತಿಂದವ್ಳೆ ಕಣ್ರಪ್ಪ,” ಎಂದಳು ಅಜ್ಜಿ. “ನನ್ ಸೊಸೆ ಬಂದು ಮೀನ್ ತಿಂದವ್ಳೆ.” ಅವಳ ದನಿ ಅಳುವಿನಲ್ಲಿ ಮುಳುಗಿಹೋಯಿತು.

ಅಪ್ಪ ಮಂಡಿಯೂರಿ ಕೂತ. ಎಲೆಯ ಮೇಲೆ ಖಾಲಿಯಾದ ಜಾಗವನ್ನು ಒಂದು ಬೆರಳಿನಿಂದ ಮುಟ್ಟಿದ.

“ಮುದ್ದೆ ಮುಟ್ಟೇ ಇಲ್ಲ ನೋಡವ್ವ,” ಎಂದ. “ಮೀನಿದ್ರೆ ಅವ್ಳು ಮುದ್ದೆ ಕಡೆ ತಿರುಗೂ ನೋಡ್ತಿರ್ಲಿಲ್ಲ.”

ಹಾಗೆಂದು ನಕ್ಕ. ನಗುತ್ತಿದ್ದ ಹಾಗೇ ಅವನ ಗಲ್ಲ ಒದ್ದೆಯಾಯಿತು. ಮಿಷನ್ನಿನ ಹಿಂದೆ ಬಾಕ್ಸಿನ ರಟ್ಟು ಒಂದಿಷ್ಟು ಅಲುಗಿತು. ಅದನ್ನು ವರ್ಷಿಣಿ ಒಬ್ಬಳೇ ನೋಡಿದಳು.

ಅವತ್ತು ಊಟಕ್ಕೆ ಕೂತಾಗ ಅಪ್ಪ ಮಾತಾಡಿದ. ಮದುವೆಯಾದ ಹೊಸದರಲ್ಲಿ ಅಮ್ಮನನ್ನು ಕನ್ನಂಬಾಡಿ ಕಟ್ಟೆಯ ಹತ್ತಿರ ಮೀನೂಟಕ್ಕೆ ಕರೆದುಕೊಂಡು ಹೋಗಿದ್ದು, ಅವಳು ತನ್ನದೂ ತಿಂದು ಅಪ್ಪನ ತಟ್ಟೆಯದೂ ತಿಂದದ್ದು, ಕಡೆಯ ಬಸ್ಸು ತಪ್ಪಿ ಇಬ್ಬರೂ ಯಾರದೋ ಕಬ್ಬಿನ ಲಾರಿ ಹತ್ತಿ ಬಂದದ್ದು. ವರ್ಷಿಣಿ ಕೈಯಲ್ಲಿ ತುತ್ತು ಹಿಡಿದು ಹಾಗೇ ಕೇಳಿದಳು. ಆ ಲಾರಿಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಬೆಕ್ಕಿನ ಮಾತು ಗಂಟಲಿನವರೆಗೆ ಬಂದಿತ್ತು. ತುತ್ತಿನ ಜೊತೆ ನುಂಗಿಬಿಟ್ಟಳು.

ಎಲ್ಲರೂ ಕೈ ತೊಳೆಯಲು ಎದ್ದಾಗ ಒಳಕೋಣೆಯ ಕಿಟಕಿ ತೆಗೆದು ಬೆಕ್ಕನ್ನು ಆಚೆ ಬಿಟ್ಟಳು. ದೊಡ್ಡಪ್ಪ ಬೆಕ್ಕು ಕಾಣದೆ ಖಾಲಿ ಚೀಲ ಅಲ್ಲೇ ಬಿಟ್ಟು ಊರಿಗೆ ಹೋದ.

ಮಾರನೆಯ ದಿನದಿಂದ ದಸರಾ. ಸ್ಕೂಲಿಗೆ ರಜಾ. ಅಪ್ಪ ವೈರ್‌ಮನ್. ದಸರೆಯಲ್ಲಿ ಬನ್ನಿಮಂಟಪದ ಕಡೆಯ ರಸ್ತೆಗಳಿಗೆ ದೀಪ ಹಾಕುವ ಕಂಟ್ರಾಕ್ಟರ್ ಹತ್ತಿರ ಕೆಲಸ. ಸಂಜೆ ನಾಲ್ಕಕ್ಕೆ ಹೋದರೆ ದೀಪ ಆರಿದಮೇಲೇ ಮನೆ. ಬೆಳಿಗ್ಗೆ ಹತ್ತರವರೆಗೆ ಮಲಗಿರುತ್ತಿದ್ದ.

ದಸರೆಯ ಮೊದಲ ದಿನ ಎದ್ದವನೇ ಬೈಕ್ ತೆಗೆದುಕೊಂಡು ಹೋಗಿ ಮೀನು ತಂದ. ಊಟದ ಹೊತ್ತಿಗೆ ಒಂದು ತಟ್ಟೆಯಲ್ಲಿ ಅನ್ನ, ಅದರ ಮೇಲೆ ಮೀನು ಇಟ್ಟು ಒಳಕೋಣೆಗೆ ಹೋದ. ಫೋಟೋ ಮುಂದೆ ಇಟ್ಟು, ಹೊರಗೆ ಬಂದು ಬಾಗಿಲು ಮುಚ್ಚಿ ಚಿಲಕ ಹಾಕಿದ.

ಅಮಾವಾಸ್ಯೆ ನಿನ್ನೆಗೇ ಮುಗಿಯಿತಲ್ಲ ಮಗ ಎಂದಳು ಅಜ್ಜಿ. ದಸರೆಯಲ್ಲಿ ಮನೆಗೆ ಮೀನು ತರುವುದೇ ಎಂದೂ ಕೇಳಿದಳು.

“ಇರ್ಲಿ ಬುಡವ್ವ. ಹತ್ತೇ ನಿಮಿಷ.”

ಹತ್ತು ನಿಮಿಷ ಕಳೆಯಿತು. ಅಪ್ಪ ಕೆಮ್ಮಿದ. ಬಾಗಿಲು ತಟ್ಟಿದ. ಒಳಗೆ ತಟ್ಟೆ ಹೇಗಿತ್ತೋ ಹಾಗೇ ಇತ್ತು. ಮೀನಿನ ಮೇಲೆ ಒಂದು ನೊಣ ಕೂತಿತ್ತು.

ವೋಲ್ಟೇಜು ಇಳಿದಾಗ ಬಲ್ಬು ಕೆಂಪಗೆ ಮಂಕಾಗುತ್ತದಲ್ಲ, ಅಪ್ಪನ ಮುಖ ಹಾಗಾಯಿತು. ತನ್ನ ಊಟವನ್ನು ಮುಚ್ಚಿಟ್ಟು, ಮೂರು ಗಂಟೆಗೇ ಕೆಲಸಕ್ಕೆ ಹೊರಟುಹೋದ.

ಎರಡನೆಯ ದಿನ ಅಪ್ಪ ಮತ್ತೆ ತಟ್ಟೆ ಇಟ್ಟು ಬಂದಾಗ ವರ್ಷಿಣಿ ಹಿತ್ತಲಿಗೆ ಹೋದಳು. ಹೊರಗಿನಿಂದ ಒಳಕೋಣೆಯ ಕಿಟಕಿಯನ್ನು ತಳ್ಳಿದಳು. ಬೆಕ್ಕು ತೊಟ್ಟಿಯ ಮೇಲೆ ಕೂತು ನೋಡುತ್ತಿತ್ತು. ಅದಕ್ಕೆ ಏನೂ ಹೇಳಿಕೊಡಬೇಕಾಗಿರಲಿಲ್ಲ. ಅದು ತಿಂದು ಹೊರಗೆ ಹಾರಿದಮೇಲೆ ಕಿಟಕಿಯನ್ನು ಎಳೆದು ಮುಚ್ಚಿದಳು.

ಆ ದಿನ ಅಪ್ಪ ಹೊಟ್ಟೆ ತುಂಬ ಉಂಡ.

ಮೂರನೆಯ ದಿನ, ನಾಲ್ಕನೆಯ ದಿನವೂ ಹಾಗೇ ಆಯಿತು. ಬಾಗಿಲು ಮುಚ್ಚಿದಮೇಲೆ ಅಪ್ಪ ಈಗ ಪಕ್ಕದ ಗೋಡೆಗೆ ಒರಗಿ ಕೂರುತ್ತಿದ್ದ. ಬಾಗಿಲಿಗೆ ಮುಖ ಕೊಟ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದ, ಎಲ್ಲೆಲ್ಲಿ ಯಾವ ಯಾವ ಬಣ್ಣದ ದೀಪ, ಎಲ್ಲಿ ಫ್ಯೂಸು ಹೋಯಿತು, ಏಣಿ ಹತ್ತುವಾಗ ಮೊಣಕಾಲು ಹೇಗೆ ನೋಯುತ್ತದೆ. ಹತ್ತು ನಿಮಿಷ ಇಪ್ಪತ್ತು ನಿಮಿಷವಾಯಿತು. ದೀಪ ನೋಡಲು ನನ್ನನ್ನೂ ಕರೆದುಕೊಂಡು ಹೋಗು ಎಂದು ಕೇಳಲು ವರ್ಷಿಣಿ ಹತ್ತಿರ ಹೋದರೆ, ತಿರುಗದೆಯೇ ಕೈ ಎತ್ತಿ ಆಮೇಲೆ ಎಂದ.

ಐದು ತಿಂಗಳು ಅಪ್ಪ ಯಾರ ಹತ್ತಿರವೂ ಮಾತಾಡಿರಲಿಲ್ಲ. ಈಗ ಮಾತಾಡುತ್ತಿದ್ದ. ಒಂದು ಬಾಗಿಲಿನ ಜೊತೆ.

ಬೆಕ್ಕೂ ಬದಲಾಯಿತು. ಮಧ್ಯಾಹ್ನ ಮೀನು ತಿಂದು ಹೊಟ್ಟೆ ತುಂಬಿಸಿಕೊಂಡು ಎಲ್ಲೋ ಮಲಗಿಬಿಡುತ್ತಿತ್ತು. ನಾಲ್ಕು ಗಂಟೆಗೆ ತೊಟ್ಟಿಯ ಹತ್ತಿರ ವರ್ಷಿಣಿ ಒಬ್ಬಳೇ ಮೊಸರನ್ನ ಹಿಡಿದು ಕೂತಿರುತ್ತಿದ್ದಳು.

ಐದನೆಯ ದಿನ ತಡೆಯಲಾಗದೆ ಪಕ್ಕದ ಮನೆಯ ಅಕ್ಷತಾಳಿಗೆ ಎಲ್ಲ ಹೇಳಿದಳು. ಅಕ್ಷತಾ ಅದೇ ಕ್ಲಾಸು, ಅದೇ ಬೆಂಚು. ಬಾಯಿ ತೆರೆದು ಕೇಳಿದಳು.

“ಗೊತ್ತಾದ್ರೆ ಏಟ್ ಬೀಳುತ್ತೆ ಕಣೇ. ಸುಮ್ನಿದ್ಬುಡು,” ಎಂದಳು ಮೊದಲು. ಸ್ವಲ್ಪ ಹೊತ್ತು ಯೋಚಿಸಿ, “ಹಾಲಿಡೇಸ್ ಮುಗುದ್ಮೇಲೆ ಕಿಟಕಿ ಯಾರ್ ತೆಗೀತಾರೆ?” ಎಂದು ಕೇಳಿದಳು.

ವರ್ಷಿಣಿ ಅದನ್ನು ಯೋಚಿಸಿಯೇ ಇರಲಿಲ್ಲ.

ಆರನೆಯ ದಿನ ಸಂಜೆ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬನ್ನಿಮಂಟಪದ ಕಡೆಗೆ ಆಕಾಶ ದೀಪದ ಬೆಳಕಿಗೆ ಬೆಳ್ಳಗಾಗುತ್ತಿತ್ತು. ಅಜ್ಜಿ ಕಾಯಿಗೆ ಹೇಳುವವಳ ಹಾಗೆ ಹೇಳಿದಳು:

“ವರ್ಸಕ್ ಒಂದ್ ದಿನ ಕರುದ್ರೆ ಸರಿ. ದಿನಾ ಇಂಗೆ ಕರೀತಿದ್ರೆ ಅವ್ಳು ಓಗದಾದ್ರೂ ಎಂಗೆ? ದಾರೀಲೇ ನಿಂತ್ಕಬುಡ್ತಾಳೆ ಮಗಳು.”

ವರ್ಷಿಣಿಗೆ ಅಮ್ಮ ಕಂಡಳು. ಯಾವುದೋ ಬಸ್‌ಸ್ಟಾಪಿನಲ್ಲಿ ಬ್ಯಾಗ್ ಹಿಡಿದು ನಿಂತಿದ್ದಾಳೆ. ಬಸ್ಸು ಬರುತ್ತದೆ, ಹತ್ತಲು ಕಾಲು ಎತ್ತುತ್ತಾಳೆ, ಹಿಂದಿನಿಂದ ಅಪ್ಪ ಕರೆಯುತ್ತಾನೆ. ಇಳಿಯುತ್ತಾಳೆ. ಮತ್ತೊಂದು ಬಸ್ಸು ಬರುತ್ತದೆ. ಮೀನು ತಿಂದದ್ದು ಬೆಕ್ಕು, ಅಮ್ಮ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಬಸ್‌ಸ್ಟಾಪು ಕಣ್ಣಿನಿಂದ ಹೋಗಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಅಪ್ಪ ಎಂದಿನ ಹಾಗೆ ಗೋಡೆಗೆ ಒರಗಿ ಕೂತಿದ್ದ. ಕಿಟಕಿ ತೆಗೆದು ಬಂದ ವರ್ಷಿಣಿ ಅವನ ಎದುರಿಗೆ ನಿಂತಳು.

“ಅಪ್ಪ, ಬಾಗಿಲು ತೆಗಿ.”

“ಇನ್ನೂ ಆಗಿಲ್ಲ ಮಗ. ಹೋಗು.”

“ಈಗ್ಲೇ ತೆಗಿ ಅಪ್ಪ.”

ಅಪ್ಪ ಕೈ ಎತ್ತಿದ. ವರ್ಷಿಣಿ ಆ ಕೈಯ ಕೆಳಗೆ ನುಸುಳಿ, ತಾನೇ ಚಿಲಕ ಸರಿಸಿ ಬಾಗಿಲನ್ನು ತಳ್ಳಿದಳು.

ಫೋಟೋ ಮುಂದೆ, ತಟ್ಟೆಯಲ್ಲಿ ಮುಂಗಾಲೊಂದನ್ನು ಊರಿಕೊಂಡು, ಬೆಕ್ಕು ಮೀನು ತಿನ್ನುತ್ತಿತ್ತು. ತಲೆ ಎತ್ತಿ ನೋಡಿತು. ವರ್ಷಿಣಿ ಎಂದು ಗೊತ್ತಾಗಿ ಮತ್ತೆ ತಿನ್ನತೊಡಗಿತು.

“ಹಿರೀಕರ ಹಬ್ಬದ್ ದಿನಾನೂ ತಿಂದಿದ್ದು ಇದೇ ಅಪ್ಪ,” ಎಂದಳು ವರ್ಷಿಣಿ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. “ದೊಡ್ಡಪ್ಪ ಚೀಲಕ್ಕೆ ಹಾಕ್ತಾರೆ ಅಂತ ಬಾಕ್ಸಲ್ಲಿ ಬಚ್ಚಿಟ್ಟಿದ್ದೆ. ಆಮೇಲೆ ದಿನಾ ಕಿಟಕಿ ತೆಗೀತಿದ್ದಿದ್ದೂ ನಾನೇ.”

ಅಪ್ಪ ಎದ್ದು ಬಾಗಿಲಲ್ಲಿ ನಿಂತು ನೋಡಿದ. ಬೆಕ್ಕು ಕೊನೆಯ ಚೂರನ್ನೂ ಮುಗಿಸಿತು. ಪಂಜ ನೆಕ್ಕಿತು, ಮುಖ ತೊಳೆಯಿತು. ಮಿಷನ್ನಿನ ಮೇಲೆ ಹಾರಿ, ಅಲ್ಲಿಂದ ಕಿಟಕಿಗೆ ಹಾರಿ ಹೊರಟುಹೋಯಿತು. ಅಪ್ಪ ಒಳಗೆ ಹೋಗಿ ತಟ್ಟೆಯನ್ನು ಎತ್ತಿಕೊಂಡ. ಬಚ್ಚಲಿಗೆ ಹೋಗಿ ತೊಳೆದ. ಬಹಳ ಹೊತ್ತು ತೊಳೆದ. ಆಮೇಲೆ ಶರ್ಟು ಹಾಕಿಕೊಂಡು ಹೊರಗೆ ಹೋದ. ಬೈಕು ಸ್ಟಾರ್ಟ್ ಆದ ಸದ್ದು ತುಂಬ ಹೊತ್ತಾದಮೇಲೆ ಕೇಳಿಸಿತು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ನಾಲ್ಕು ಗಂಟೆಗೆ ಬೆಕ್ಕು ತೊಟ್ಟಿಯ ಹತ್ತಿರ ಬಂದಿತ್ತು. ಎಷ್ಟೋ ದಿನದ ಮೇಲೆ ಬಂದಿತ್ತು. ವರ್ಷಿಣಿ ಅದನ್ನು ಕೈಯಿಂದ ತಳ್ಳಿದಳು. ಹೋಗು, ಇಲ್ಲಿರಬೇಡ, ಚೀಲ ಇನ್ನೂ ಮನೆಯಲ್ಲೇ ಇದೆ ಎಂದಳು. ಅದು ಎರಡು ಹೆಜ್ಜೆ ಹಿಂದೆ ಹೋಗಿ ಕೂತುಕೊಂಡಿತು. ವರ್ಷಿಣಿ ಮಂಡಿಯಲ್ಲಿ ಮುಖ ಇಟ್ಟು ಅತ್ತಳು. ಅಮ್ಮ ಹೋದಾಗ ಮನೆ ತುಂಬ ಜನ ಇದ್ದರು. ಅವತ್ತು ಅವಳಿಗೆ ಅಳಲು ಜಾಗವೇ ಸಿಕ್ಕಿರಲಿಲ್ಲ. ಈಗ ಅತ್ತಳು. ಸ್ವಲ್ಪ ಹೊತ್ತಿಗೆ ಕಾಲಿಗೆ ಬೆಚ್ಚಗೆ ಒಂದು ಬೆನ್ನು ತಾಗಿತು. ಈ ಸಲ ತಳ್ಳಲಿಲ್ಲ.

ಎಂಟನೆಯ ದಿನ ತಟ್ಟೆ ಇಡಲಿಲ್ಲ. ಮೀನು ತರಲಿಲ್ಲ. ಊಟ ಆಯ್ತಾ ಎಂದೂ ಅಪ್ಪ ಕೇಳಲಿಲ್ಲ.

ಒಂಬತ್ತನೆಯ ದಿನ ಆಯುಧಪೂಜೆ. ಅಪ್ಪ ಬೆಳಿಗ್ಗೆಯೇ ಎದ್ದು ಬೈಕ್ ತೊಳೆದ. ಕಟಿಂಗ್ ಪ್ಲೇಯರು, ಟೆಸ್ಟರು, ಸ್ಕ್ರೂಡ್ರೈವರುಗಳನ್ನೆಲ್ಲ ಪೇಪರಿನ ಮೇಲೆ ಸಾಲಾಗಿ ಜೋಡಿಸಿ ಒರೆಸಿ ಕುಂಕುಮ ಇಟ್ಟ. ಕೊನೆಗೆ ಬಟ್ಟೆ ಹಿಡಿದು ಒಳಕೋಣೆಯ ಬಾಗಿಲು ತೆರೆದ. ಅಮ್ಮನ ಮಿಷನ್ ಉಳಿದಿತ್ತು. ಪ್ರತಿ ವರ್ಷ ಅದನ್ನು ಅಮ್ಮನೇ ಒರೆಸಿ ಎಣ್ಣೆ ಬಿಟ್ಟು ಹೂವಿಡುತ್ತಿದ್ದಳು.

ಅಪ್ಪ ಎಣ್ಣೆ ಡಬ್ಬಿ ಹುಡುಕಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ, ತೆರೆದಿದ್ದ ಬಾಗಿಲಲ್ಲಿ ಬೆಕ್ಕು ಒಳಗೆ ಹೋಗಿತ್ತು. ವರ್ಷಿಣಿ ಹಿಂದೆಯೇ ಓಡಿದಳು. ಹೊತ್ತು ಮೀರಿತ್ತು. ಬೆಕ್ಕು ಮಿಷನ್ನಿನ ಹಲಗೆಯ ಮೇಲೆ ಸುತ್ತಿಕೊಂಡು ಮಲಗಿತ್ತು. ಅಪ್ಪ ಎಣ್ಣೆ ಡಬ್ಬಿ ಹಿಡಿದು ಅದರ ಎದುರಿಗೆ ನಿಂತಿದ್ದ.

ಈಗ ಚೀಲ ಕೇಳುತ್ತಾನೆ ಎಂದುಕೊಂಡಳು ವರ್ಷಿಣಿ.

ಅಪ್ಪ ಚೀಲ ಕೇಳಲಿಲ್ಲ. ಬಗ್ಗಿ ಚಕ್ರ ಒರೆಸಿದ. ಕಾಲಲ್ಲಿ ತುಳಿಯುವ ಪೆಡಲು ಒರೆಸಿದ. ಹಲಗೆಯನ್ನೂ ಒರೆಸಿದ, ಬೆಕ್ಕಿನ ಸುತ್ತ. ಬಾಲ ಅಡ್ಡ ಬಂದಲ್ಲಿ ಒಂದು ಬೆರಳಿನಿಂದ ಬಾಲ ಎತ್ತಿ, ಅದರ ಕೆಳಗೆ ಒರೆಸಿ, ಮತ್ತೆ ಅಲ್ಲೇ ಇಟ್ಟ. ಬೆಕ್ಕು ಒಂದು ಕಣ್ಣು ತೆಗೆದು ಮುಚ್ಚಿತು.

ಹೂವು ತಂದ ಅಜ್ಜಿ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ದೊಡ್ಡದಾಯಿತು.

“ಮಣಿನೇ ಕಣ್ಲಾ ಮಹದೇವು. ಇಲ್ದಿದ್ರೆ ಅದ್ಯಾಕೆ ಬಂದು ಅವ್ಳ ಮಿಸನ್ ಮೇಲೇ ಮನೀಕತ್ತದೆ? ಈ ರೂಪ ಎತ್ಕಂಡ್ ಬಂದವ್ಳೆ. ಬಾರವ್ವ, ಮಣಿ…”

ಒಂದು ಕ್ಷಣ ವರ್ಷಿಣಿಗೂ ಹಾಗೇ ಇರಬಹುದೇ ಅನ್ನಿಸಿತು. ಬೆಕ್ಕಿನ ಮುಖ ನೋಡಿದಳು. ಅದು ಬಾಯಿ ತುಂಬ ಆಕಳಿಸಿತು. ಮೂಗಿನ ಮೇಲೆ ಗೀರು, ಕಿವಿಯಲ್ಲಿ ಮಣ್ಣು.

“ಅಂಗನ್ಬೇಡ ಕಣವ್ವ,” ಎಂದ ಅಪ್ಪ. ಅವನ ದನಿ ಗಟ್ಟಿಯಾಗಿರಲಿಲ್ಲ, ಆದರೆ ನಡುಗಲೂ ಇಲ್ಲ. “ಮಣಿ ಮಣಿನೇ. ಅವ್ಳು ಹೋದ್ಲು. ಇದು ಬೆಕ್ಕು. ಇದಕ್ ಹಸಿವಾಗಿತ್ತು, ತಿಂತು.”

ಅಜ್ಜಿ ಹೂವನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಚಕ್ರಕ್ಕೆ ಕುಂಕುಮ ಇಟ್ಟು ಹೂವು ಸಿಕ್ಕಿಸಿದ. ಆಮೇಲೆ ವರ್ಷಿಣಿಯ ಕಡೆ ತಿರುಗಿದ. ಎಷ್ಟೋ ದಿನದ ಮೇಲೆ ಅಪ್ಪ ತನ್ನ ಮುಖವನ್ನೇ ನೋಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು.

“ಹಾಲು ಕುಡಿಯುತ್ತಾ ಇದು?”

“ಕುಡಿಯುತ್ತೆ. ಮೊಸರನ್ನ ಅಂದ್ರೆ ಇನ್ನೂ ಇಷ್ಟ.”

“ಇನ್ಮೇಲೆ ಕಿಟಕೀಲಿ ಕರೀಬೇಡ. ನಾವು ಉಣ್ಣುವಾಗ ನಮ್ ಜೊತೆನೇ ಹಾಕು.”

“ದೊಡ್ಡಪ್ಪ ಬಂದ್ರೆ?”

“ನಾನ್ ಹೇಳ್ತೀನಿ.”

ಸಂಜೆ ನಾಲ್ಕಕ್ಕೆ ಅಪ್ಪ ಕೆಲಸಕ್ಕೆ ಹೊರಟ. ಗೇಟಿನ ಹತ್ತಿರ ನಿಂತು, ಬಾ, ದೀಪ ಹತ್ತಿಸೋದು ನೋಡುವೆಯಂತೆ, ಎಂಟು ಗಂಟೆಗೆ ಮನೆಗೆ ಬಿಟ್ಟು ಹೋಗ್ತೀನಿ ಎಂದ. ವರ್ಷಿಣಿ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದಳು.

ದಸರಾ ಮುಗಿಯಿತು. ರಸ್ತೆಯ ದೀಪಗಳನ್ನು ಬಿಚ್ಚಿದರು. ಸ್ಕೂಲು ಶುರುವಾಯಿತು. ಬೆಕ್ಕು ಆ ಮನೆಯದಾಯಿತು. ಸುಲಭವಾಗಿ ಆಗಲಿಲ್ಲ. ಅಜ್ಜಿಯ ಹಾಸಿಗೆಯ ಮೇಲೆ ಒಂದು ಸಲ ವಾಂತಿ ಮಾಡಿತು. ಇಂಜೆಕ್ಷನ್ ಹಾಕಿಸಲು ಕರೆದುಕೊಂಡು ಹೋದಾಗ ಅಪ್ಪನ ಕೈಯನ್ನು ಪರಚಿತು. ಅಜ್ಜಿ ಅದನ್ನು ಮತ್ತೆ ಮಣಿ ಎಂದು ಕರೆಯಲಿಲ್ಲ. ಕಳ್ಳಿ ಎಂದು ಕರೆದಳು. ಅದೇ ಹೆಸರು ನಿಂತಿತು.

ಅಪ್ಪ ಈಗ ಮೊದಲಿನ ಹಾಗೆ ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದ. ಕೈಕಾಲು ತೊಳೆದು ಜಗಲಿಯ ಮೇಲೆ ಕೂತರೆ ಕಳ್ಳಿ ತೊಡೆ ಹತ್ತುತ್ತಿತ್ತು. ಅಪ್ಪ ಅದರ ಕಿವಿಯ ಹಿಂದೆ ಕೆರೆಯುತ್ತ ಅದಕ್ಕೆ ಅವತ್ತಿನದು ಒಂದೊಂದೇ ಹೇಳುತ್ತಿದ್ದ. ಪಕ್ಕದಲ್ಲಿ ವರ್ಷಿಣಿ ಹೋಂವರ್ಕ್ ಬರೆಯುತ್ತಿದ್ದಳು. ಅವಳ ಕಡೆ ಅಪ್ಪ ನೋಡುತ್ತಿರಲಿಲ್ಲ. ದನಿ ಮಾತ್ರ ಅವಳಿಗೆ ಕೇಳಿಸುವಷ್ಟು ಇರುತ್ತಿತ್ತು.

ಒಂದು ಸಂಜೆ ಅಪ್ಪ ಕಳ್ಳಿಯ ಬೆನ್ನು ಸವರುತ್ತ ಕೂತಿದ್ದ. ಆಮೇಲೆ ಹೇಳಿದ:

“ಆಸ್ಪತ್ರೇಲಿ ಕೊನೇ ದಿನ ಅವ್ಳು ಒಂದೇ ಮಾತು ಕೇಳಿದ್ದು ಕಣೇ ಕಳ್ಳಿ. ಮಗೂಗೆ ತಲೆ ಬಾಚಿದ್ರಾ ಅಂತ.”

ವರ್ಷಿಣಿಯ ಪೆನ್ಸಿಲ್ ನಿಂತಿತು.

“ನಂಗೆ ಜಡೆ ಹಾಕಕ್ ಬರಲ್ಲ. ಮನೆಗೇ ಹೋಗಿರ್ಲಿಲ್ಲ ನಾನು ಅವತ್ತು. ಆದ್ರೂ ಬಾಚಿದೀನಿ ಅಂದೆ. ಎರಡು ಜಡೆ ಹಾಕ್ದೆ, ಕೆಂಪು ರಿಬ್ಬನ್ ಕಟ್ದೆ ಅಂತ ಸುಳ್ ಹೇಳ್ದೆ. ಅವ್ಳು ನಗಾಡಿದ್ಲು.”

ಅಪ್ಪ ನಿಲ್ಲಿಸಿದ. ಊರಿನಲ್ಲಿ ಯಾರಾದರೂ ಕತೆ ಹೇಳುವಾಗ ಕೇಳುವವರು ನಡುನಡುವೆ ಹೂಂಗುಡುತ್ತಾರೆ. ಹೂಂಗುಡದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ, ಅಲ್ಲೇ ಕಾಯುತ್ತಾರೆ. ಬೆಕ್ಕಿಗೆ ಅದು ಗೊತ್ತಿರಲಿಲ್ಲ. ಅದು ಅಪ್ಪನ ತೊಡೆಯ ಮೇಲೆ ಹೊಟ್ಟೆ ಮೇಲೆ ಮಾಡಿ ನಿದ್ದೆ ಹೋಗಿತ್ತು.

ಅಪ್ಪ ಕಾಯುತ್ತಿದ್ದ. ಬೆಕ್ಕನ್ನು ನೋಡುತ್ತಿರಲಿಲ್ಲ. ಎದುರಿನ ರಸ್ತೆಯನ್ನೂ ನೋಡುತ್ತಿರಲಿಲ್ಲ.

ವರ್ಷಿಣಿ ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದಳು.

“ಹೂಂ,” ಎಂದಳು.

ಅಪ್ಪ ಉಸಿರು ಬಿಟ್ಟ. ಮುಂದಿನದನ್ನು ಹೇಳತೊಡಗಿದ.